ಹಳೆಯ ಸ್ಟೀರಿಯೊ ರಿಸೀವರ್‌ಗೆ ಯಾವ ಆಂಟೆನಾ, ಯಾವ ವೈರ್? ಹುಬ್ಬಳ್ಳಿ-ಧಾರವಾಡ ಕಡೆಯವರಿಗೆ ಒಂದು ಹೋಲಿಕೆ

ಹಳೆಯ ರಿಸೀವರ್, ಅಂದರೆ ರೇಡಿಯೊ, ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಸೆಟ್, ತಂದವರು ಮೊದಲು ಕೇಳುವುದು ಬ್ಲೂಟೂತ್ ಬಗ್ಗೆ. ನನ್ನ ಉತ್ತರ ಯಾವಾಗಲೂ ಒಂದೇ. ಬ್ಲೂಟೂತ್ ನಾಳೆ ಹಾಕಿಕೊಳ್ಳಿ, ಇವತ್ತು ಆಂಟೆನಾ ಹಾಕಿ. 1970ರ ದಶಕದ ಪಯೋನಿಯರ್, ಸಾನ್ಸುಯಿ, ಮರಾಂಟ್ಜ್, ಕೆನ್‌ವುಡ್ ಸೆಟ್ಟುಗಳು ತಯಾರಾದ ಕಾಲಕ್ಕೆ, ಅವು ಮಾರಾಟವಾಗುತ್ತಿದ್ದ ದೇಶಗಳಲ್ಲಿ ಎಫ್‌ಎಂ ರೇಡಿಯೊ ಅಂದರೆ ಮನೆಯಲ್ಲಿ ಒಳ್ಳೆಯ ಸಂಗೀತ ಕೇಳುವ ಮುಖ್ಯ ದಾರಿಗಳಲ್ಲಿ ಒಂದು. ಅದಕ್ಕೇ ಟ್ಯೂನರ್, ಅಂದರೆ ರೇಡಿಯೊ ಹಿಡಿಯುವ ಭಾಗವನ್ನು ಅಷ್ಟು ಮುತುವರ್ಜಿಯಿಂದ ಮಾಡಿದ್ದಾರೆ. ಅಂಥ ಟ್ಯೂನರಿಗೆ ಒಂದು ಗೇಣು ವೈರ್ ಸಿಕ್ಕಿಸಿ, "ಬರೇ ಸರ್ ಅಂತೈತಿ, ಕೆಟ್ಟಿರಬೇಕು" ಅಂತ ಮೂಲೆಗೆ ಸರಿಸುವುದು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ನಮ್ಮ ಕಡೆಯಂತೂ ಹೀಗೆ ಮಾಡಲೇಬಾರದು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ನಮ್ಮ ಪಕ್ಕದಲ್ಲೇ ಇದೆ. ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದ ಕೇಂದ್ರ ಅದು. ಹಿಂದೂಸ್ತಾನಿ ಗಾಯನ ಕೇಳುವಾಗ ಆಂಟೆನಾ ಸರಿಯಿದೆಯೋ ಇಲ್ಲವೋ ಅಂತ ಬೇಗ ಗೊತ್ತಾಗುತ್ತದೆ. ಸಿನಿಮಾ ಹಾಡಿನ ಗದ್ದಲದಲ್ಲಿ ಮುಚ್ಚಿಹೋಗುವ ಹಿಸ್, ಆಲಾಪದ ನಡುವೆ ಗಾಯಕರು ಉಸಿರು ತೆಗೆದುಕೊಂಡು ಬರೀ ತಂಬೂರಿ ಉಳಿದಾಗ ಎದ್ದು ಕೇಳುತ್ತದೆ.

ಹಾಗಾಗಿ ಆಂಟೆನಾಕ್ಕೆ ಜಾಸ್ತಿ ಜಾಗ ಕೊಡುತ್ತೇನೆ. ಮೊಬೈಲ್, ಟಿವಿ, ರೆಕಾರ್ಡ್ ಪ್ಲೇಯರ್ ಆಮೇಲೆ ಬರುತ್ತವೆ.

ಮೊದಲು ಸೆಟ್ಟನ್ನು ತಿರುಗಿಸಿ ನೋಡಿ

ಸೆಟ್ ಯಾವ ದೇಶದ ಮಾರುಕಟ್ಟೆಗೆ ಅಂತ ತಯಾರಾಗಿದ್ದು ಎನ್ನುವುದನ್ನು ಮೊದಲು ತಿಳಿದುಕೊಳ್ಳಿ. ಬ್ರ್ಯಾಂಡ್ ಹೆಸರಿಗಿಂತ ಇದು ಮುಖ್ಯ. ಕೊಲ್ಲಿ ದೇಶಗಳಿಂದ ಬಂದ ಸೆಟ್ಟಾದರೆ ಹಿಂದೆ ಸಾಮಾನ್ಯವಾಗಿ ವೋಲ್ಟೇಜ್ ಬದಲಿಸುವ ಸ್ವಿಚ್ ಇರುತ್ತದೆ, 110, 120, 220, 240 ಅಂತ. ಅದನ್ನು 220 ಅಥವಾ 240ಕ್ಕೆ ಇಟ್ಟರೆ ಮುಗಿಯಿತು. ಅಮೆರಿಕದ ಸೆಟ್ಟಾದರೆ 120 ವೋಲ್ಟ್ ಮಾತ್ರ, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಜಪಾನಿನ ಒಳಮಾರುಕಟ್ಟೆಯ ಸೆಟ್ಟಾದರೆ 100 ವೋಲ್ಟ್. ಇದಕ್ಕೆ 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಬೇಡಿ, ನಮ್ಮ ಲೈನು ಮೇಲೇರಿದ ಹೊತ್ತಿಗೆ ಅದು 115ರವರೆಗೂ ಕೊಡುತ್ತದೆ, ಹಳೆಯ ಕೆಪಾಸಿಟರ್‌ಗಳಿಗೆ ಅದು ಒಳ್ಳೆಯದಲ್ಲ.

ಜಪಾನಿನ ಸೆಟ್ಟಿನಲ್ಲಿ ಇನ್ನೊಂದು ತೊಡಕಿದೆ. ಆ ಕಾಲಕ್ಕೆ ಅಲ್ಲಿಯ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್ ಇತ್ತು. ನಮ್ಮದು 88ರಿಂದ 108. ಧಾರವಾಡ ಆಕಾಶವಾಣಿಯ ಎಫ್‌ಎಂ 103ರಲ್ಲಿದೆ, ಡಯಲ್ಲಿನಲ್ಲಿ ಆ ಅಂಕಿಯೇ ಇರುವುದಿಲ್ಲ. ಎಂಥ ಆಂಟೆನಾ ಹಾಕಿದರೂ ಬರುವುದಿಲ್ಲ. ರೇಡಿಯೊ ಆಸೆಯಿಂದ ಕೊಳ್ಳುವವರು ಡಯಲ್ಲಿನ ಗಾಜನ್ನು ಮೊದಲು ಓದಿ, ಆಮೇಲೆ ದುಡ್ಡು ಕೊಡಿ.

ಅಮೆರಿಕದ ಸೆಟ್ಟಿನಲ್ಲಿ ಎರಡು ಬಗೆ. ಕೈಯಿಂದ ತಿರುಗಿಸುವ ಗುಂಡಿ ಇರುವುದಾದರೆ ತೊಂದರೆಯೇನಿಲ್ಲ. 1980ರ ಈಚಿನ ಡಿಜಿಟಲ್ ಟ್ಯೂನಿಂಗ್ ಇರುವುದಾದರೆ ಎಫ್‌ಎಂನಲ್ಲಿ 0.2ರ ಹೆಜ್ಜೆ ಇಡುವ ಸೆಟ್ಟುಗಳೇ ಹೆಚ್ಚು, 102.9 ಆದಮೇಲೆ 103.1. ನಡುವಿನ 103.0 ಸರಿಯಾಗಿ ಸಿಗುವುದಿಲ್ಲ. ಎಎಂನಲ್ಲೂ ಅಷ್ಟೇ, ಅಲ್ಲಿ 10 ಕಿಲೋಹರ್ಟ್ಸ್ ಹೆಜ್ಜೆ, ನಮ್ಮಲ್ಲಿ 9. ಧಾರವಾಡದ ಮೀಡಿಯಂ ವೇವ್ 765, ಅಂದರೆ 760ಕ್ಕೂ 770ಕ್ಕೂ ನಡುವೆ ಸಿಕ್ಕಿಬೀಳುತ್ತದೆ. ಕೆಲವು ಸೆಟ್ಟುಗಳ ಹಿಂದೆ 9 ಮತ್ತು 10ರ ನಡುವೆ ಬದಲಿಸುವ ಸಣ್ಣ ಸ್ವಿಚ್ ಇರುತ್ತದೆ, ಹುಡುಕಿ ನೋಡಿ. ಇದ್ದರೆ ಅದೃಷ್ಟ. ಇಲ್ಲದಿದ್ದರೆ, ನಮ್ಮ ಕಡೆಗೆ ಗುಂಡಿ ತಿರುಗಿಸುವ ಅನಲಾಗ್ ಡಯಲ್ಲಿನ ಸೆಟ್ಟೇ ಉತ್ತಮ ಆಯ್ಕೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಸಣ್ಣ ವಿಷಯ. ಅಮೆರಿಕದ ಟ್ಯೂನರ್ ನಮ್ಮ ಸ್ಟೇಷನ್ನುಗಳನ್ನು ಸ್ವಲ್ಪ ಮಂಕಾಗಿ ನುಡಿಸುತ್ತದೆ. ಪ್ರಸಾರದಲ್ಲಿ ಟ್ರೆಬಲ್ ಏರಿಸಿ ಕಳಿಸಿ ರಿಸೀವರ್‌ನಲ್ಲಿ ಇಳಿಸುವ ಲೆಕ್ಕ ಅಲ್ಲಿ 75 ಮೈಕ್ರೋಸೆಕೆಂಡ್, ಇಲ್ಲಿ 50. ಟ್ರೆಬಲ್ ಗುಂಡಿಯನ್ನು ಒಂದು ಹಲ್ಲು ಮುಂದೆ ತಿರುಗಿಸಿದರೆ ಸಾಕು, ರಿಪೇರಿಗೆ ಹೋಗಬೇಡಿ.

ಎಫ್‌ಎಂ ಆಂಟೆನಾ: ನೀವು ಎಲ್ಲಿದ್ದೀರಿ?

ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರ ನೇರವಾಗಿ ಹೋಗುತ್ತದೆ, ಮತ್ತೆ ಸ್ವಲ್ಪ ಆಚೆಗೆ ಬಾಗುತ್ತದೆ. ಹಾಗಾಗಿ "ಒಳ್ಳೆಯ ಆಂಟೆನಾ ಯಾವುದು" ಅಂತ ಕೇಳಿದರೆ ನಾನು ತಿರುಗಿ "ನಿಮ್ಮ ಮನೆ ಎಲ್ಲಿ" ಅಂತ ಕೇಳುತ್ತೇನೆ.

ಧಾರವಾಡದ ಒಳಗೇ ಇದ್ದರೆ ಟಿ ಆಕಾರದ ವೈರ್ ಆಂಟೆನಾ ಧಾರಾಳವಾಗಿ ಸಾಕು. ಹಿಂದೆ ಸೆಟ್ಟಿನ ಜೊತೆ ಡಬ್ಬಿಯಲ್ಲೇ ಬರುತ್ತಿದ್ದ, ಚಪ್ಪಟೆ ರಿಬ್ಬನ್ ವೈರಿನದು. ಅದು ಈಗ ಕಳೆದುಹೋಗಿರುತ್ತದೆ, ಮನೆಯಲ್ಲೇ ಮಾಡಿಕೊಳ್ಳಬಹುದು. ಲೆಕ್ಕ ಸುಲಭ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ಉದ್ದ ಸಿಗುತ್ತದೆ. 103ಕ್ಕೆ ಸುಮಾರು 1.39 ಮೀಟರ್. ಕೃಷಿ ವಿಶ್ವವಿದ್ಯಾಲಯದ ಸಮುದಾಯ ರೇಡಿಯೊ 90.4ರಲ್ಲಿದೆ, ಅದಕ್ಕಾದರೆ 1.58 ಮೀಟರ್. ಎಲ್ಲವೂ ಬೇಕು ಅಂದರೆ ನಡುವಿನ 1.46 ಇಟ್ಟುಕೊಳ್ಳಿ. ರಿಬ್ಬನ್ ವೈರ್ ಸಿಕ್ಕರೆ ಈ ಉದ್ದಕ್ಕೆ ಕತ್ತರಿಸಿ, ಎರಡೂ ತುದಿಗಳಲ್ಲಿ ಒಳಗಿನ ಎರಡು ತಂತಿಗಳನ್ನು ಸೇರಿಸಿ ಬೆಸುಗೆ ಹಾಕಿ, ಸರಿಯಾಗಿ ನಡುವೆ ಒಂದು ತಂತಿಯನ್ನು ಮಾತ್ರ ಕತ್ತರಿಸಿ, ಆ ಎರಡು ಕೊನೆಗಳಿಗೆ ಅದೇ ರಿಬ್ಬನ್ನಿನ ಇನ್ನೊಂದು ತುಂಡು ಜೋಡಿಸಿ ಸೆಟ್ಟಿಗೆ ಇಳಿಸಿ. ಇದು 300 ಓಮ್, 300ರ ಸ್ಕ್ರೂಗಳಿಗೆ ಹಾಕಬೇಕು. ಓಮ್ ಅಂದರೆ ಇಂಪೀಡೆನ್ಸ್ ಎನ್ನುವ ವಿದ್ಯುತ್ ತಡೆಯ ಅಳತೆ, ಆಂಟೆನಾದ್ದೂ ಸೆಟ್ಟಿನದೂ ಹೊಂದಬೇಕು.

ರಿಬ್ಬನ್ ವೈರ್ ಅಂಗಡಿಯಲ್ಲಿ ಈಗ ಕಷ್ಟ. ಸಾದಾ ಎರಡೆಳೆ ವೈರ್ ಇದ್ದರೂ ನಡೆಯುತ್ತದೆ. ಅದರ ತುದಿಯನ್ನು 70 ಸೆಂಟಿಮೀಟರ್ ಸೀಳಿ, ಎರಡು ಕೈಗಳನ್ನು ಎಡಕ್ಕೂ ಬಲಕ್ಕೂ ಚಾಚಿ, ಗೋಡೆಗೆ ಟೇಪು ಅಂಟಿಸಿ. ಇದು 75 ಓಮಿಗೆ ಹತ್ತಿರ, 75ರ ಸ್ಕ್ರೂಗಳಿಗೆ ಹಾಕಬೇಕು. ಇಳಿಯುವ ವೈರ್ ಎರಡು ಮೂರು ಮೀಟರ್ ದಾಟಬಾರದು, ದಾಟಿದರೆ ಸಿಗ್ನಲ್ ದಾರಿಯಲ್ಲೇ ಸವೆದುಹೋಗುತ್ತದೆ.

ಹುಬ್ಬಳ್ಳಿ ಧಾರವಾಡದಿಂದ ಸುಮಾರು 20 ಕಿಲೋಮೀಟರ್. ಮೇಲ್ಮಹಡಿಯಲ್ಲಿದ್ದು ಕಿಟಕಿ ವಾಯವ್ಯದ ಕಡೆ, ಅಂದರೆ ಧಾರವಾಡದ ಕಡೆ ಇದ್ದರೆ ಇದೇ ವೈರ್ ಸಾಕಾಗುತ್ತದೆ. ನೆಲಮಹಡಿ, ಸುತ್ತ ಎತ್ತರದ ಕಟ್ಟಡ, ಆರ್‌ಸಿಸಿ ಗೋಡೆ ಅಂದರೆ ಕಥೆ ಬೇರೆ. ಅಲ್ಲಿ ಸಿಗ್ನಲ್ ಕಡಿಮೆ ಇರುವುದಕ್ಕಿಂತ ದೊಡ್ಡ ತೊಂದರೆ ಪ್ರತಿಫಲನ. ಒಂದೇ ಅಲೆ ನೇರವಾಗಿಯೂ ಬರುತ್ತದೆ, ಎದುರಿನ ಕಟ್ಟಡಕ್ಕೆ ಬಡಿದು ತಡವಾಗಿಯೂ ಬರುತ್ತದೆ. ಸೆಟ್ಟಿನ ಸಿಗ್ನಲ್ ಮೀಟರಿನ ಮುಳ್ಳು ಪೂರ್ತಿ ಬಲಕ್ಕೆ ಹೋಗಿರುತ್ತದೆ, ಆದರೆ ಸ, ಶ ಅಕ್ಷರಗಳೆಲ್ಲ ಹರಿದಂತೆ ಕೇಳುತ್ತವೆ. ಇಂಥಲ್ಲಿ ಬೂಸ್ಟರ್ ಇರುವ ಮನೆಯೊಳಗಿನ ಆಂಟೆನಾ ಕೊಳ್ಳಬೇಡಿ. ಬೂಸ್ಟರ್ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಟ್ಟಿಗೆ ದೊಡ್ಡದು ಮಾಡುತ್ತದೆ ಅಷ್ಟೇ, ಜೊತೆಗೆ ತನ್ನದೂ ಒಂದಿಷ್ಟು ಗದ್ದಲ ಸೇರಿಸುತ್ತದೆ. ಆಂಟೆನಾವನ್ನು ಎರಡಡಿ ಪಕ್ಕಕ್ಕೆ ಸರಿಸುವುದು, ಅಡ್ಡ ಇದ್ದದ್ದನ್ನು ನೆಟ್ಟಗೆ ನಿಲ್ಲಿಸಿ ನೋಡುವುದು, ಇದಕ್ಕೆ ಖರ್ಚಿಲ್ಲ, ಫಲ ಜಾಸ್ತಿ.

ಹಳೆಯ ಟಿವಿಯ ಎರಡು ಕೋಲಿನ ಆಂಟೆನಾ ಮನೆಯಲ್ಲಿದ್ದರೆ ಬಿಸಾಡಬೇಡಿ. ಒಂದೊಂದು ಕೋಲನ್ನೂ 70 ಸೆಂಟಿಮೀಟರಿಗೆ ಎಳೆದರೆ ಅದೇ ಎಫ್‌ಎಂ ಆಂಟೆನಾ. ಗೋಡೆಗೆ ಅಂಟಿಸಿದ ವೈರಿಗಿಂತ ಇದರಲ್ಲಿ ಒಂದು ಅನುಕೂಲ, ಬೇಕಾದ ಹಾಗೆ ತಿರುಗಿಸಿ ಮೀಟರ್ ನೋಡಿಕೊಂಡು ನಿಲ್ಲಿಸಬಹುದು. ಬಾಡಿಗೆ ಮನೆಯವರಿಗೆ ನಾನು ಹೇಳುವುದು ಇದನ್ನೇ.

ಹಂಚಿನ ಮನೆಯವರು ಪುಣ್ಯವಂತರು. ಧಾರವಾಡದ ಹಳೆಯ ಓಣಿಗಳಲ್ಲಿ ಇನ್ನೂ ಇಂಥ ಮನೆಗಳಿವೆಯಲ್ಲ, ಅಟ್ಟದ ಮೇಲೆ ಹಂಚಿನ ಕೆಳಗೆ ಆಂಟೆನಾ ಕಟ್ಟಿದರೆ ಮಳೆ ಗಾಳಿಯ ಭಯವಿಲ್ಲ, ಹಂಚು ಎಫ್‌ಎಂ ಅಲೆಯನ್ನು ಅಷ್ಟಾಗಿ ತಡೆಯುವುದೂ ಇಲ್ಲ. ತಗಡಿನ ಶೀಟ್ ಆದರೆ ಮಾತ್ರ ಆಗುವುದಿಲ್ಲ. ತಗಡು ಪೂರ್ತಿ ಅಡ್ಡ ನಿಲ್ಲುತ್ತದೆ.

ಗದಗ, ಹಾವೇರಿಯವರ ಲೆಕ್ಕವೇ ಬೇರೆ. ಹುಬ್ಬಳ್ಳಿಯಿಂದ ಗದಗ ಸುಮಾರು 60 ಕಿಲೋಮೀಟರ್, ಹಾವೇರಿ 70ಕ್ಕೂ ಹೆಚ್ಚು. ಧಾರವಾಡ ಅಲ್ಲಿಂದ ಮತ್ತೂ ದೂರ. ಇಷ್ಟು ದೂರಕ್ಕೆ ಗೋಡೆಯ ವೈರ್ ನಂಬಿ ಕೂರಬೇಡಿ. ಮಾಳಿಗೆಯ ಮೇಲೆ ಮೂರರಿಂದ ಐದು ಕೋಲಿನ ಯಾಗಿ ಆಂಟೆನಾ, ಧಾರವಾಡದ ಕಡೆ ಮುಖ, ಅಲ್ಲಿಂದ ಕೆಳಗೆ ಆರ್‌ಜಿ-6 ಎನ್ನುವ 75 ಓಮಿನ ದುಂಡನೆಯ ಟಿವಿ ಕೇಬಲ್. ಯಾಗಿ ಒಂದೇ ದಿಕ್ಕಿನಿಂದ ಜಾಸ್ತಿ ಹಿಡಿಯುತ್ತದೆ, ಹಿಂದಿನಿಂದ ಪಕ್ಕದಿಂದ ಬರುವುದನ್ನು ಬಿಡುತ್ತದೆ. ಅದೇ ಅದರ ಬಲ. ಎತ್ತರವೂ ಮುಖ್ಯ, ಹತ್ತಡಿ ಮೇಲೇರಿಸಿದರೆ ಸಿಗುವ ಲಾಭ ದುಬಾರಿ ಬೂಸ್ಟರಿನಿಂದ ಸಿಗುವುದಿಲ್ಲ.

ದೂರದರ್ಶನ ಕಾಲದ ಅಲ್ಯೂಮಿನಿಯಂ ಆಂಟೆನಾ ಮಾಳಿಗೆಯಲ್ಲೇ ನಿಂತಿದ್ದರೆ ಅದಕ್ಕೇ ಜೋಡಿಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಜೋಡಿಸಿ ನೋಡಿ, ನಷ್ಟವಿಲ್ಲ. ಆದರೆ ಆ ಕೋಲುಗಳನ್ನು ಟಿವಿಯ ಫ್ರೀಕ್ವೆನ್ಸಿಗೆ ಕತ್ತರಿಸಿರುತ್ತಾರೆ. ಎಫ್‌ಎಂ ಇರುವುದು ಹಳೆಯ ಟಿವಿಯ ಕೆಳಬ್ಯಾಂಡ್ ಮತ್ತು ಮೇಲ್ಬ್ಯಾಂಡ್ ನಡುವಿನ ಜಾಗದಲ್ಲಿ. ಉದ್ದನೆಯ ಕೋಲುಗಳಿದ್ದರೆ ಅವನ್ನು ಎಫ್‌ಎಂ ಅಳತೆಗೆ ಕತ್ತರಿಸಿಕೊಳ್ಳಬಹುದು. ಗಿಡ್ಡ ಕೋಲುಗಳದ್ದಾದರೆ ಹೊಸದನ್ನೇ ಮಾಡಿಸಿ. ಇನ್ನು ಧಾರವಾಡದ ಮಾಳಿಗೆ ಅಂದಮೇಲೆ ಮಂಗಗಳ ಮಾತು ಬರಲೇಬೇಕು. ತೆಳು ಕೊಳವೆಗೆ ಕಟ್ಟಿದ ಆಂಟೆನಾ ಅವುಗಳ ಉಯ್ಯಾಲೆಯಾಗುತ್ತದೆ, ಕಂಬಕ್ಕೆ ಗಟ್ಟಿ ಜಿಐ ಪೈಪು ಹಾಕಿ, ಕ್ಲಾಂಪ್ ಎರಡು ಕಡೆ ಬಿಗಿಸಿ.

ಡಿಶ್ ಕೇಬಲ್ ವಿಷಯದಲ್ಲಿ ಮಾತ್ರ ಪ್ರಯೋಗ ಬೇಡ. ಡಿಶ್ಶಿನಿಂದ ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ ಆರ್‌ಜಿ-6 ಜಾತಿಯದೇ. ಆದರೆ ಆ ಕೇಬಲ್ಲಿನ ಮೂಲಕ ಬಾಕ್ಸು ಡಿಶ್ಶಿನ ಮುಂದಿರುವ ಸಿಗ್ನಲ್ ಹಿಡಿಯುವ ಭಾಗಕ್ಕೆ, ಅಂದರೆ ಎಲ್‌ಎನ್‌ಬಿಗೆ, 13 ಅಥವಾ 18 ವೋಲ್ಟ್ ಕಳಿಸುತ್ತಿರುತ್ತದೆ. ಅದನ್ನು ಸ್ಪ್ಲಿಟರ್ ಹಾಕಿ ರಿಸೀವರ್‌ಗೆ ಕೊಟ್ಟರೆ ಟ್ಯೂನರಿನ ಮುಂಭಾಗ ಸುಟ್ಟುಹೋಗಬಹುದು. ಬಳಕೆಯಲ್ಲಿಲ್ಲದ ಹಳೆಯ ಕೇಬಲ್ ಆದರೆ ಎರಡೂ ಕಡೆ ಬಿಚ್ಚಿ ಎಫ್‌ಎಂಗೆ ಬಳಸಿಕೊಳ್ಳಿ, ಅದು ಒಳ್ಳೆಯ ಉಪಾಯ.

300 ಓಮ್, 75 ಓಮ್, ನಡುವೆ ಬಾಲನ್

ಹಿಂಬದಿಯಲ್ಲಿ ಮೂರು ನಾಲ್ಕು ಸ್ಕ್ರೂ ಇರುತ್ತವೆ. 300 ಎಂದು ಬರೆದ ಜೋಡಿಗೆ ರಿಬ್ಬನ್. 75 ಎಂದು ಬರೆದದ್ದಕ್ಕೆ ಕೇಬಲ್ಲಿನ ನಡುವಿನ ತಂತಿ, ಅದರ ಪಕ್ಕದ ಜಿಎನ್‌ಡಿಗೆ, ಅಂದರೆ ಗ್ರೌಂಡಿಗೆ, ಸುತ್ತಲಿನ ಜಾಲರಿ. ಜಾಲರಿಯ ಒಂದು ಎಳೆಯೂ ನಡುವಿನ ತಂತಿಗೆ ತಾಗಬಾರದು. ಸಿಗ್ನಲ್ ಬರದಿರುವುದಕ್ಕೆ ಎಷ್ಟೋ ಸಲ ಕಾರಣ ಇದೇ.

ಕೆಲವು ಸೆಟ್ಟುಗಳಲ್ಲಿ 300 ಮಾತ್ರ ಇರುತ್ತದೆ. ಆಗ ಮಾಳಿಗೆಯಿಂದ ಬಂದ 75ರ ಕೇಬಲ್ಲಿಗೆ ಬಾಲನ್, ಅಂದರೆ 75ನ್ನು 300ಕ್ಕೆ ಹೊಂದಿಸುವ ಸಣ್ಣ ಟ್ರಾನ್ಸ್‌ಫಾರ್ಮರ್, ಬೇಕು. ಹುಬ್ಬಳ್ಳಿಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಬಾಲನ್ ಅಂದರೆ ಕೆಲವರಿಗೆ ತಿಳಿಯುತ್ತದೆ, ಕೆಲವರಿಗೆ ಇಲ್ಲ. "ಅಣ್ಣಾರ, ಹಳೇ ಟಿವಿ ಹಿಂದ ಹಾಕತಿದ್ರಲ್ರೀ, ಚಪ್ಪಟಿ ವೈರ್ ಇರೋ ಸಣ್ಣ ಡಬ್ಬಿ, ಅದನ್ನ ಕೊಡ್ರಿ" ಅಂದರೆ ತಕ್ಷಣ ತೆಗೆದು ಕೊಡುತ್ತಾರೆ. ಬೆಲೆಯೂ ತೀರಾ ಕಡಿಮೆ. ಬಾಲನ್ ಇಲ್ಲದೆ 75ರ ಕೇಬಲ್ಲನ್ನು 300ಕ್ಕೆ ಸುಮ್ನೆ ಜೋಡಿಸಿದರೂ ಸೆಟ್ ಕೆಡುವುದಿಲ್ಲ, ಸ್ಟೇಷನ್ನೂ ಬರುತ್ತದೆ. ಆದರೆ ಸಿಗ್ನಲ್ಲಿನ ಒಂದು ಪಾಲು ಹೊಂದಿಕೆಯಾಗದೆ ಹಿಂದಕ್ಕೆ ಹೋಗುತ್ತದೆ. ಧಾರವಾಡದಲ್ಲಿ ಅದು ಗೊತ್ತೇ ಆಗದಿರಬಹುದು, ಗದಗದಲ್ಲಿ ಗೊತ್ತಾಗುತ್ತದೆ.

ಎಲ್ಲ ಮಾಡಿದರೂ ಹಿಸ್ ಉಳಿದರೆ ಮೋನೊ ಬಟನ್ ಒತ್ತಿ. ಸ್ಟೀರಿಯೊ ಚೊಕ್ಕಟವಾಗಿ ಬರಲು ಮೋನೊಗಿಂತ ಎಷ್ಟೋ ಪಟ್ಟು ಗಟ್ಟಿ ಸಿಗ್ನಲ್ ಬೇಕು. ಒಬ್ಬರೇ ಮಾತಾಡುವ ಕಾರ್ಯಕ್ರಮ, ಹಳೆಯ ಧ್ವನಿಮುದ್ರಣ ಇವಕ್ಕೆ ಮೋನೊದಿಂದ ಏನೂ ನಷ್ಟವಿಲ್ಲ. ಎಫ್‌ಎಂ ಮ್ಯೂಟಿಂಗ್ ಅಂತ ಒಂದು ಸ್ವಿಚ್ ಇರುತ್ತದೆ. ಅದು ಆನ್ ಇದ್ದರೆ ದೂರದ ಸ್ಟೇಷನ್ನುಗಳು ಕೇಳುವುದೇ ಇಲ್ಲ. ಹಾವೇರಿಯವರು ಅದನ್ನು ಆಫ್ ಮಾಡಿಯೇ ಹುಡುಕಬೇಕು.

ಅಡ್ಡಮಳೆಯ ದಿನಗಳಲ್ಲಿ, ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಮೋಡ ಕಟ್ಟಿತು ಅಂದರೆ, ಮಾಳಿಗೆಯ ಕೇಬಲ್ಲನ್ನು ಸೆಟ್ಟಿನಿಂದ ಬಿಚ್ಚಿ ಪಕ್ಕಕ್ಕಿಡಿ. ಪ್ಲಗ್ಗನ್ನೂ ಕೀಳಿ. ಇದರಲ್ಲಿ ಆಲಸ್ಯ ಬೇಡ.

ಎಎಂ: ಹೊಸ ಆಂಟೆನಾಕ್ಕಿಂತ ಮೊದಲು ಗದ್ದಲ ಇಳಿಸಿ

ಧಾರವಾಡದ 765 ಕಿಲೋಹರ್ಟ್ಸ್ 200 ಕಿಲೋವ್ಯಾಟಿನ ಕೇಂದ್ರ. ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲ ಕಡೆಗೂ ಅದರ ಸಿಗ್ನಲ್ ಸಾಕಷ್ಟಿರುತ್ತದೆ. ಸೆಟ್ಟಿನ ಹಿಂದೆ ಕೀಲಿನ ಮೇಲೆ ತಿರುಗುವ ಕಪ್ಪು ಕಡ್ಡಿ ಇದೆಯಲ್ಲ, ಆ ಫೆರೈಟ್ ಆಂಟೆನಾವೇ ಸಾಕು. ಅದನ್ನು ಸೆಟ್ಟಿನ ಮೈಗೆ ಅಂಟಿಕೊಂಡ ಹಾಗೆ ಬಿಡಬೇಡಿ, ಹೊರಕ್ಕೆ ಎಳೆದು ತಿರುಗಿಸಿ. ಕಡ್ಡಿಯ ತುದಿ ಸ್ಟೇಷನ್ನಿನ ಕಡೆ ಇದ್ದರೆ ಸದ್ದು ಕುಗ್ಗುತ್ತದೆ, ಕಡ್ಡಿಯ ಪಕ್ಕೆ ಅತ್ತ ಇದ್ದರೆ ಏರುತ್ತದೆ. ಈ ಗುಣವನ್ನು ಇನ್ನೊಂದು ರೀತಿಯಲ್ಲೂ ಬಳಸಬಹುದು. ಗದ್ದಲ ಬರುವ ದಿಕ್ಕಿಗೆ ತುದಿ ತಿರುಗಿಸಿದರೆ ಗದ್ದಲ ಇಳಿಯುತ್ತದೆ.

ಈಗಿನ ಮನೆಯಲ್ಲಿ ಎಎಂ ಕೆಡಿಸುವುದು ದೂರವಲ್ಲ, ಗದ್ದಲ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್, ವೈಫೈ ಡಬ್ಬಿಯ ಅಡಾಪ್ಟರ್. ಒಂದೊಂದನ್ನೇ ಆರಿಸಿ ನೋಡಿ, ಕಳ್ಳ ಸಿಗುತ್ತಾನೆ. ಬ್ಯಾಟರಿಯ ಸಣ್ಣ ರೇಡಿಯೊ ಹಿಡಿದು ಮನೆ ತುಂಬ ಅಡ್ಡಾಡಿದರೆ ಇನ್ನೂ ಬೇಗ.

ರಾತ್ರಿ ಬೆಂಗಳೂರಿನ 612ರಂಥ ದೂರದ ಸ್ಟೇಷನ್ನುಗಳನ್ನು ಹಿಡಿಯುವ ಆಸೆಯಿದ್ದರೆ ಎಎಂ ಎಂದು ಬರೆದ ಸ್ಕ್ರೂಗೆ ಹತ್ತು ಮೀಟರ್ ವೈರ್ ಹಾಕಿ ಹೊರಗೆ ಎಳೆಯಿರಿ. ಹಳೆಯ ಪುಸ್ತಿಕೆಗಳಲ್ಲಿ ಜಿಎನ್‌ಡಿ ಸ್ಕ್ರೂವನ್ನು ನೀರಿನ ಪೈಪಿಗೆ ಕಟ್ಟಿ ಅಂತ ಇರುತ್ತದೆ. ಅದು ಕಬ್ಬಿಣದ ಪೈಪಿನ ಕಾಲದ ಮಾತು, ಪಿವಿಸಿ ಪೈಪಿಗೆ ಕಟ್ಟಿದರೆ ಏನೂ ಉಪಯೋಗವಿಲ್ಲ. ನೆಲಕ್ಕೆ ಹೊಡೆದ ತಾಮ್ರದ ಕಡ್ಡಿ ಸರಿ. ಗೋಡೆಯ ಸಾಕೆಟ್ಟಿನ ಮೂರನೇ ತೂತಿಗೆ ವೈರ್ ತುರುಕುವುದು ಖಂಡಿತ ಬೇಡ.

ಮೊಬೈಲ್, ಟಿವಿ, ರೆಕಾರ್ಡ್: ಯಾವ ತೂತಿಗೆ ಯಾವುದು

ಇಲ್ಲಿ ನೆನಪಿಡಬೇಕಾದ ಒಂದೇ ಲೆಕ್ಕವಿದೆ. ಹೊರಗಿನ ಸದ್ದನ್ನು ಸೆಟ್ಟಿಗೆ ಕೊಡುವ ತೂತುಗಳಲ್ಲಿ ಆಕ್ಸ್, ಟೇಪ್ ಪ್ಲೇ ಇವಕ್ಕೆ ದೊಡ್ಡ ಸಿಗ್ನಲ್ ಬೇಕು. ಹಳೆಯ ಸೆಟ್ಟುಗಳಲ್ಲಿ 150 ಮಿಲಿವೋಲ್ಟ್ ಸಿಕ್ಕರೆ ಪೂರ್ತಿ ಸದ್ದು. ಫೋನೊ ಎನ್ನುವುದು ರೆಕಾರ್ಡ್ ಪ್ಲೇಯರಿನ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗೆ (ಮುಳ್ಳು ಕೂರಿಸಿದ ತಲೆಗೆ) ಮಾತ್ರ, ಅದರ ಸಿಗ್ನಲ್ ಬರೀ 5 ಮಿಲಿವೋಲ್ಟ್ ಆಸುಪಾಸು. ಸಿಡಿ ಪ್ಲೇಯರ್ ಕೊಡುವುದು 2 ವೋಲ್ಟ್, ಅಂದರೆ 400 ಪಟ್ಟು. ಅದನ್ನು ಫೋನೊಗೆ ಚುಚ್ಚಿದರೆ ಹರಿದ ಸದ್ದು, ಜೊತೆಗೆ ಫೋನೊ ಭಾಗ ಬಾಸ್ ಏರಿಸಿ ಟ್ರೆಬಲ್ ಇಳಿಸುವುದರಿಂದ ಎಲ್ಲ ಗೊಗ್ಗರು. ಆಕ್ಸ್ ಖಾಲಿ ಇಲ್ಲ ಅಂತ ಮೊಬೈಲನ್ನು ಫೋನೊಗೆ ಹಾಕಬೇಡಿ. ಟೇಪ್ ಪ್ಲೇಗೆ ಹಾಕಿ, ವಿದ್ಯುತ್ ಲೆಕ್ಕದಲ್ಲಿ ಅದೂ ಆಕ್ಸ್‌ನ ತಮ್ಮನೇ. ಹಾಕಿದಮೇಲೆ ಸೆಟ್ಟಿನ ಮುಂಭಾಗದ ಟೇಪ್ ಮಾನಿಟರ್ ಬಟನ್ ಒತ್ತಬೇಕು, ರೇಡಿಯೊ ಬೇಕಾದಾಗ ಬಿಡಿಸಬೇಕು. "ಸೆಟ್ ಪೂರ್ತಿ ಮೂಕಾಗ್ಯದ" ಅಂತ ರಿಪೇರಿಗೆ ಬರುವ ಸೆಟ್ಟುಗಳಲ್ಲಿ ಎಷ್ಟೋ ಸಲ ಈ ಒಂದು ಬಟನ್ ಒತ್ತಿದ ಹಾಗೇ ಉಳಿದಿರುತ್ತದೆ.

ಮೊಬೈಲ್‌ಗೆ ವೈರ್ ಉತ್ತಮವೋ ಬ್ಲೂಟೂತ್ ಉತ್ತಮವೋ? 3.5 ಜಾಕ್ ಇರುವ ಮೊಬೈಲ್ ಆದರೆ ವೈರ್. ಒಂದು ಕಡೆ 3.5 ಪಿನ್, ಇನ್ನೊಂದು ಕಡೆ ಕೆಂಪು ಬಿಳಿ ಆರ್‌ಸಿಎ, ಅಷ್ಟೇ. ಮೊಬೈಲ್ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು ಉಳಿದದ್ದನ್ನು ರಿಸೀವರ್‌ನಲ್ಲಿ ಏರಿಸಿ. ಜಾಕ್ ಇಲ್ಲದ ಮೊಬೈಲ್ ಆದರೆ ಟೈಪ್-ಸಿ ಡ್ಯಾಕ್, ಅಂದರೆ ಡಿಜಿಟಲ್ ಸದ್ದನ್ನು ಅನಲಾಗ್ ಮಾಡುವ ಸಾಧನ, ಕೊಳ್ಳಿ, ಸಣ್ಣ ಬೆಲೆಯದೂ ಚೆನ್ನಾಗಿಯೇ ಇರುತ್ತದೆ. ಬ್ಲೂಟೂತ್ ಒಪ್ಪುವುದು ಅನುಕೂಲಕ್ಕೆ. ಮನೆಯವರೆಲ್ಲ ತಮ್ಮ ತಮ್ಮ ಮೊಬೈಲಿನಿಂದ ಹಾಡು ಹಾಕಬೇಕು ಅಂದರೆ ಅದಕ್ಕಿಂತ ಸುಲಭ ಇಲ್ಲ. ಬ್ಲೂಟೂತ್ ಡಬ್ಬಿ ಕೊಳ್ಳುವಾಗ, ಸದ್ದನ್ನು ಹಿಂಡಿ ಕಳಿಸುವ ವಿಧಾನಗಳಲ್ಲಿ ಎಸ್‌ಬಿಸಿ ಮಾತ್ರ ಇರುವುದಕ್ಕಿಂತ ನಿಮ್ಮ ಮೊಬೈಲಿಗೆ ಹೊಂದುವ ಎಎಸಿ, ಆಪ್ಟ್‌ಎಕ್ಸ್ ಅಥವಾ ಎಲ್‌ಡ್ಯಾಕ್ ಇರುವುದನ್ನು ನೋಡಿ, ಎರಡೂ ಕಡೆ ಇದ್ದರೆ ಮಾತ್ರ ಪ್ರಯೋಜನ.

"ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್ ಆಪ್‌ನಲ್ಲೇ ಆಕಾಶವಾಣಿ ಬರುತ್ತದಲ್ಲ, ಆಂಟೆನಾ ಯಾಕೆ" ಅಂತ ಕೇಳುವವರಿದ್ದಾರೆ. ಸಿಗ್ನಲ್ ಎಟುಕದ ಊರಿನಲ್ಲಿದ್ದವರಿಗೆ ಆಪ್ ದೊಡ್ಡ ಉಪಕಾರ, ಒಪ್ಪುತ್ತೇನೆ. ಆದರೆ ಆಪ್‌ನಲ್ಲಿ ಬರುವುದು ಹಿಂಡಿ ಸಣ್ಣದು ಮಾಡಿದ ಸದ್ದು, ನೆಟ್ ಕೈಕೊಟ್ಟರೆ ನಿಲ್ಲುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಸರಿಯಾದ ಆಂಟೆನಾ ಹಾಕಿದ ಒಳ್ಳೆಯ ಟ್ಯೂನರ್ ಇದ್ದರೆ ಎರಡನ್ನೂ ಒಂದೇ ಕಾರ್ಯಕ್ರಮಕ್ಕೆ ಬದಲಿಸಿ ಕೇಳಿ. ನನ್ನ ಕಿವಿಗೆ ಟ್ಯೂನರೇ ಹಿತ.

ಟಿವಿಯವರಿಗೆ ಹೀಗೆ. ಹಳೆಯ ಟಿವಿ, ಸೆಟ್‌ಟಾಪ್ ಬಾಕ್ಸ್, ಡಿವಿಡಿ ಪ್ಲೇಯರ್‌ಗಳಲ್ಲಿ ಕೆಂಪು ಬಿಳಿ ಔಟ್ ಇರುತ್ತದೆ, ನೇರವಾಗಿ ಆಕ್ಸ್‌ಗೆ. ಹಳದಿ ಪಿನ್ ಚಿತ್ರದ್ದು, ಬಿಟ್ಟುಬಿಡಿ. ಹೊಸ ಟಿವಿಯಲ್ಲಿ ಆಪ್ಟಿಕಲ್ ಮಾತ್ರ ಇದ್ದರೆ ನಡುವೆ ಒಂದು ಡ್ಯಾಕ್ ಡಬ್ಬಿ ಹಾಕಿ. ಟಿವಿಯ ಸೆಟ್ಟಿಂಗ್‌ನಲ್ಲಿ ಆಡಿಯೊವನ್ನು ಪಿಸಿಎಂಗೆ ಬದಲಿಸುವುದನ್ನು ಮರೆಯಬೇಡಿ, ಡಾಲ್ಬಿಗೆ ಬಿಟ್ಟರೆ ಆ ಡಬ್ಬಿಗಳಲ್ಲಿ ಹೆಚ್ಚಿನವುಗಳಿಂದ ಸದ್ದೇ ಬರುವುದಿಲ್ಲ. ಟಿವಿಗೆ ಬ್ಲೂಟೂತ್ ನಾನು ಹೇಳುವುದಿಲ್ಲ, ತುಟಿ ಮೊದಲು ಅಲ್ಲಾಡಿ ಮಾತು ಆಮೇಲೆ ಬರುತ್ತದೆ.

ರೆಕಾರ್ಡ್ ಪ್ಲೇಯರ್ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಮೂರು ಬಗೆಯವು ನಮ್ಮ ಮನೆಗಳಲ್ಲಿ ಸಿಗುತ್ತವೆ. ಮ್ಯಾಗ್ನೆಟಿಕ್ ಕಾರ್ಟ್ರಿಜ್ ಇರುವ ಪ್ಲೇಯರ್ ಫೋನೊಗೆ ಹೋಗಬೇಕು. ಅದರ ಜೊತೆ ಬರುವ ಮೂರನೆಯ ಸಣ್ಣ ವೈರ್ ಜಿಎನ್‌ಡಿ ಸ್ಕ್ರೂಗೆ, ಅದನ್ನು ಬಿಟ್ಟರೆ ಗುಂಯ್ ಅನ್ನುತ್ತದೆ. ಆರ್‌ಸಿಎ ವೈರ್ ಒಂದು ಮೀಟರ್ ಒಂದೂವರೆ ಮೀಟರ್ ಇರಲಿ, ಉದ್ದವಾದಷ್ಟೂ ಟ್ರೆಬಲ್ ಬದಲಾಗುತ್ತದೆ. ಎರಡನೆಯದು ಸೆರಾಮಿಕ್ ಕಾರ್ಟ್ರಿಜ್ಜಿನ ಹಳೆಯ ಪೆಟ್ಟಿಗೆ ಪ್ಲೇಯರ್. ಅದರ ಸಿಗ್ನಲ್ ನೂರಾರು ಮಿಲಿವೋಲ್ಟ್, ಹಾಗಾಗಿ ಆಕ್ಸ್‌ಗೆ. ಬಾಸ್ ಸ್ವಲ್ಪ ಕಡಿಮೆ ಅನ್ನಿಸುತ್ತದೆ, ಅದಕ್ಕೆ ಬೇಕಾದಷ್ಟು ಇಂಪೀಡೆನ್ಸ್ ಆಕ್ಸ್‌ನಲ್ಲಿ ಸಿಗುವುದಿಲ್ಲ. ಬಾಸ್ ಗುಂಡಿಯಿಂದ ಸರಿದೂಗಿಸಿ. ಮೂರನೆಯದು ಈಗಿನ ಯುಎಸ್‌ಬಿ ಪ್ಲೇಯರ್, ಹಿಂದೆ ಫೋನೊ, ಲೈನ್ ಅಂತ ಸ್ವಿಚ್ ಇರುತ್ತದೆ. ಲೈನ್‌ಗೆ ಇಟ್ಟರೆ ಆಕ್ಸ್‌ಗೆ ಹಾಕಿ, ಫೋನೊಗೆ ಇಟ್ಟರೆ ಫೋನೊಗೆ ಹಾಕಿ. ನಾನಾದರೆ ಫೋನೊಗೇ ಇಡುತ್ತೇನೆ, ಒಳ್ಳೆಯ ಹಳೆಯ ರಿಸೀವರ್‌ನ ಫೋನೊ ಭಾಗ ಆ ಪ್ಲೇಯರ್‌ನೊಳಗಿನ ಸಣ್ಣ ಚಿಪ್ಪಿಗಿಂತ ಮೇಲು.

78ರ ತಟ್ಟೆಗಳು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ರೆಕಾರ್ಡುಗಳು, ಮನೆಯಲ್ಲಿದ್ದವರಿಗೆ ಒಂದು ಮಾತು. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಗಾಂಧಾರಿ ಹೆಸರಿನಲ್ಲಿ ಹಾಡಿದ ತಟ್ಟೆಗಳಂಥವು ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇನ್ನೂ ಸಿಗಬಹುದು. ಅವುಗಳ ಗೆರೆ ಎಲ್‌ಪಿಯ ಗೆರೆಗಿಂತ ಅಗಲ. ಎಲ್‌ಪಿ ಮುಳ್ಳಿನಿಂದ ನುಡಿಸಬೇಡಿ, ಮುಳ್ಳು ಗೆರೆಯ ತಳದಲ್ಲಿ ಜಾರಾಡಿ ಬರೀ ಕರಕರ ಬರುತ್ತದೆ. 78ಕ್ಕೆಂದೇ ಮಾಡಿದ ಮುಳ್ಳು ಹಾಕಿ, ಮೋನೊ ಬಟನ್ ಒತ್ತಿ, ಆಮೇಲೆ ನುಡಿಸಿ.

ಫಿಲಿಪ್ಸ್, ಗ್ರುಂಡಿಗ್ ತರಹದ ಯುರೋಪಿನ ಸೆಟ್ಟುಗಳಲ್ಲಿ ಆರ್‌ಸಿಎ ಬದಲು ಐದು ಪಿನ್ನಿನ ದುಂಡನೆಯ ಡಿನ್ ಸಾಕೆಟ್ ಇರುತ್ತದೆ. ಹೆದರಬೇಡಿ. ಟೇಪ್ ಸಾಕೆಟ್ಟಿನಲ್ಲಿ 3ನೇ ಪಿನ್ ಎಡ, 5ನೇ ಪಿನ್ ಬಲ, 2ನೇ ಪಿನ್ ಗ್ರೌಂಡ್, ಇದರ ಮೂಲಕ ಸದ್ದು ಒಳಗೆ ಹೋಗುತ್ತದೆ. 1 ಮತ್ತು 4 ರೆಕಾರ್ಡಿಂಗಿಗೆ ಹೊರಗೆ ಬರುವ ಪಿನ್ನುಗಳು. ಸಿದ್ಧ ಕೇಬಲ್ ಸಿಗದಿದ್ದರೆ ಬೆಸುಗೆ ಗೊತ್ತಿರುವ ಯಾರಾದರೂ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಪ್ರೀ ಔಟ್, ಮೇನ್ ಇನ್ ಅಂತ ಬರೆದ ತೂತುಗಳಲ್ಲಿ ಯು ಆಕಾರದ ಲೋಹದ ಕೊಂಡಿಗಳಿದ್ದರೆ ಅವನ್ನು ಕಿತ್ತು ಮೊಬೈಲ್ ಹಾಕುವ ಯೋಚನೆ ಬಿಡಿ. ಮೇನ್ ಇನ್‌ಗೆ ವಾಲ್ಯೂಮ್ ಗುಂಡಿಯ ಹಿಡಿತವೇ ಇರುವುದಿಲ್ಲ, ಪೂರ್ತಿ ಸದ್ದು ನೇರ ಸ್ಪೀಕರ್‌ಗೆ. ಆದರೆ ಒಂದು ಕಡೆಯ ಸ್ಪೀಕರ್ ನಿಂತಿದ್ದರೆ, ಸೆಟ್ ಆರಿಸಿ ಆ ಕೊಂಡಿಗಳನ್ನು ತೆಗೆದು ಒರೆಸಿ ಮತ್ತೆ ಹಾಕಿ ನೋಡಿ. ಕಿಲುಬು ಹಿಡಿದಿರುವ ಸಾಧ್ಯತೆ ಜಾಸ್ತಿ.

ಲ್ಯಾಪ್‌ಟಾಪ್ ಹಾಕಿದ ಕೂಡಲೇ ಗುಂಯ್ ಅಂದರೆ

ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸಿ. ಗುಂಯ್ ಸದ್ದು ನಿಂತರೆ ಅದು ಗ್ರೌಂಡ್ ಲೂಪ್. ಎರಡು ದಾರಿಯಿಂದ ಅರ್ತ್ ಸೇರಿ ಒಂದು ಸುತ್ತು ಪೂರ್ತಿಯಾಗಿದೆ ಅಂತ ಅರ್ಥ. ಕೆಲವರು ಪ್ಲಗ್ಗಿನ ಮೂರನೇ ಪಿನ್ ಮುರಿದು ಇದಕ್ಕೆ ಪರಿಹಾರ ಅಂತ ಹೇಳುತ್ತಾರೆ. ಕೇಳಬೇಡಿ, ಆ ಪಿನ್ ಇರುವುದು ನಿಮ್ಮ ಜೀವ ಉಳಿಸಲು. ಗ್ರೌಂಡ್ ಲೂಪ್ ಐಸೊಲೇಟರ್ ಎನ್ನುವ ಸಣ್ಣ ಡಬ್ಬಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್. ಗುಂಯ್ ಹೋಗುತ್ತದೆ, ಅಗ್ಗದ್ದರಲ್ಲಿ ಬಾಸ್ ಒಂಚೂರು ತೆಳುವಾಗುತ್ತದೆ. ಇದಕ್ಕಿಂತ ಚೆನ್ನಾದದ್ದು ಆಪ್ಟಿಕಲ್ ಔಟ್ ಇರುವ ಕಡೆ ಆಪ್ಟಿಕಲ್ ವೈರ್ ಮತ್ತು ಡ್ಯಾಕ್. ಅದರಲ್ಲಿ ಹೋಗುವುದು ಬೆಳಕು, ತಾಮ್ರದ ನಂಟೇ ಇರುವುದಿಲ್ಲ, ಲೂಪ್ ಆಗಲು ದಾರಿಯೇ ಇಲ್ಲ. ಡ್ಯಾಕ್‌ಗೆ ಕರೆಂಟ್ ಕೊಡಲು ಮಾತ್ರ ಎರಡು ಪಿನ್ನಿನ ಬೇರೆ ಅಡಾಪ್ಟರ್ ಬಳಸಿ. ಅದೇ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಕೊಟ್ಟರೆ ತಾಮ್ರದ ದಾರಿ ಮತ್ತೆ ತೆರೆದುಕೊಂಡು ಗುಂಯ್ ವಾಪಸು ಬರುತ್ತದೆ.